ಹಳೆಯ ಕಾರಿನ ದಾನ: ತೆರಿಗೆ ಕಡಿತ ಎಷ್ಟು ಸಿಗುತ್ತದೆ?

ಪ್ರಶ್ನೆ: ನಮಸ್ಕಾರ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ನಾವು ಮುಂದಿನ ತಿಂಗಳು ಮೈಸೂರಿಗೆ ಮರಳುತ್ತಿದ್ದೇವೆ. ಹದಿನೈದು ವರ್ಷ ನಮ್ಮನ್ನು ಹೊತ್ತ ಕಾರು ಈಗ ಓಡುತ್ತಿಲ್ಲವಾದ್ದರಿಂದ, ಮನೆಗೇ ಬಂದು ಉಚಿತವಾಗಿ ಒಯ್ಯುವ ದತ್ತಿ ಸಂಸ್ಥೆಯೊಂದಕ್ಕೆ ಕೊಡಬೇಕೆಂದಿದ್ದೇವೆ. ಮಾರುಕಟ್ಟೆ ಬೆಲೆಯಷ್ಟೂ ತೆರಿಗೆ ಕಡಿತ ದೊರೆಯುವುದೇ?

ಉತ್ತರ 1: ಸಾಮಾನ್ಯವಾಗಿ ಇಲ್ಲ. ಸಂಸ್ಥೆಯು ಕಾರನ್ನು ಹರಾಜಿನಲ್ಲಿ ಮಾರಿ 500 ಡಾಲರಿಗಿಂತ ಹೆಚ್ಚು ಪಡೆದರೆ, ಬಂದ ಆ ಮೊತ್ತವೇ ನಿಮ್ಮ ಕಡಿತದ ಮಿತಿ. ಮಾರಾಟದ ನಂತರ 30 ದಿನಗಳೊಳಗೆ ಅವರು ಕೊಡಬೇಕಾದ 1098-ಸಿ ನಮೂನೆಯಲ್ಲಿ ಅದು ನಮೂದಾಗಿರುತ್ತದೆ. ಸ್ಟ್ಯಾಂಡರ್ಡ್ ಡಿಡಕ್ಷನ್ (ದಾನ-ಖರ್ಚುಗಳ ಪ್ರತ್ಯೇಕ ಲೆಕ್ಕವಿಲ್ಲದೆ ಆದಾಯದಿಂದ ಕಳೆಯಬಹುದಾದ ನಿಗದಿತ ಮೊತ್ತ) ಆರಿಸಿಕೊಳ್ಳುವವರಿಗೆ ಇದರಿಂದ ತೆರಿಗೆಯ ಲಾಭವಿಲ್ಲ. ಮಾರದೆ ಬಡ ಕುಟುಂಬಕ್ಕೆ ಸಾರಿಗೆಗಾಗಿ ಕೊಡುವ ಸಂಸ್ಥೆಯಾದರೆ ಮಾರುಕಟ್ಟೆ ಬೆಲೆಯನ್ನೇ ತೋರಿಸಬಹುದು. ನನಗೆ ಅಂಥ ದಾನವೇ ಹೆಚ್ಚು ಸಾರ್ಥಕವೆನಿಸುತ್ತದೆ.

ಉತ್ತರ 2: ಕಾರನ್ನು ಒಯ್ದ ಐದು ದಿನಗಳೊಳಗೆ ಡಿಎಂವಿಗೆ (ರಾಜ್ಯದ ಮೋಟಾರು ವಾಹನ ಇಲಾಖೆಗೆ) ಹಸ್ತಾಂತರದ ಸೂಚನೆಯನ್ನು ತಪ್ಪದೆ ಸಲ್ಲಿಸಿ, ಏಕೆಂದರೆ ಅದಿಲ್ಲದಿದ್ದರೆ ಮುಂದಿನ ಪಾರ್ಕಿಂಗ್ ದಂಡಗಳು ನಿಮ್ಮ ಹೆಸರಿಗೇ ಬರಬಹುದು. ಎಳೆದೊಯ್ಯುವ ವೆಚ್ಚವನ್ನು ಅನೇಕ ಕಡೆ ಮಾರಾಟದ ಹಣದಿಂದಲೇ ಕಳೆಯುತ್ತಾರೆ. ಸೇವಾಕಾರ್ಯಕ್ಕೆ ಉಳಿಯುವ ಪಾಲೆಷ್ಟೆಂದು ಮೊದಲೇ ಕೇಳಿರಿ.