ಐದು ವಾರ ಆಯಿತು, ಗ್ರೂಪಿನಲ್ಲಿ ಒಂದು ಮೆಸೇಜೂ ಹಾಕಿಲ್ಲ

ಕೇಳಿದವಳು: ಎಂ.ಎಸ್ಸಿ. ಸಸ್ಯಶಾಸ್ತ್ರ, ಮೊದಲ ಸೆಮಿಸ್ಟರ್

ನಮ್ಮೂರು ಕುಷ್ಟಗಿ ಹತ್ತಿರ. ಡಿಗ್ರಿವರೆಗೂ ಅಲ್ಲೇ ಓದಿದೆ. ಮೈಸೂರಿಗೆ ಬಂದು ಐದು ವಾರ ಆಯಿತು. ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ 38 ಜನ ಇದ್ದೇವೆ. ನಾನು ಇವತ್ತಿನವರೆಗೂ ಏನೂ ಬರೆದಿಲ್ಲ. ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತೇನೆ, ತಪ್ಪಿದೆಯೇನೋ ಅಂತ ಅಳಿಸುತ್ತೇನೆ. ಕ್ಲಾಸಿನಲ್ಲಿ "ಹೌದ್ರೀ" ಅಂದರೂ ಸಾಕು, ಹಿಂದಿನ ಬೆಂಚಿನವರು ನಗುತ್ತಾರೆ. "ಟಿವಿ ಕಾಮಿಡಿ ಥರ ಇದೆ, ಇನ್ನೊಂದ್ಸಲ ಹೇಳು" ಅಂತಾರೆ. ರಾತ್ರಿ ರೀಲ್ಸ್ ನೋಡುತ್ತಾ ಮಲಗುವಾಗ ಎರಡು ಗಂಟೆ ಆಗುತ್ತದೆ. ನಮ್ಮ ಕ್ಲಾಸಿನವರೇ ಚಾಮುಂಡಿ ಬೆಟ್ಟಕ್ಕೆ ಹೋದ ಫೋಟೊ ಅಲ್ಲಿ ಬಂತು. ನನ್ನನ್ನು ಯಾರೂ ಕರೆದಿರಲಿಲ್ಲ. ಮನೆಯವರು ಫೋನ್ ಮಾಡಿದರೆ ಆರಾಮ ಇದ್ದೇನೆ ಅಂತಲೇ ಹೇಳುತ್ತೇನೆ. ನಿಮಗೂ ಹೀಗೆ ಆಗಿತ್ತಾ? ಏನು ಮಾಡಿದಿರಿ?

ಇಂಡಿ ತಾಲೂಕಿನವಳು, ಈಗ ಹೈಸ್ಕೂಲ್ ಟೀಚರ್

ತಂಗಿ, ನನಗೂ ಹೀಗೇ ಆಗಿತ್ತು. 2017ರಲ್ಲಿ ಇತಿಹಾಸ ಎಂ.ಎ. ಮಾಡಲು ಈ ಕಡೆ ಬಂದೆ. ನಮ್ಮಲ್ಲಿ ಮಾತಿನ ಕೊನೆಗೆ "ರೀ" ಹಚ್ಚಿದರೆ ಅದು ಮರ್ಯಾದೆ. ಇಲ್ಲಿ ಅದನ್ನು ಕೇಳಿ ನಕ್ಕರು. ನನ್ನ ಮಾತೇ ಸರಿ ಇಲ್ಲ ಅಂದುಕೊಂಡು ಒಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಆಮೇಲೆ ಈ ಕಡೆಯವರ ಹಾಗೆ ಮಾತಾಡಲು ನೋಡಿದೆ. ಅದು ಇನ್ನೂ ಕಷ್ಟ. ಒಂದು ಮಾತು ಆಡುವ ಮೊದಲು ಮನಸ್ಸಿನಲ್ಲಿ ಎರಡು ಸಲ ತಿದ್ದಬೇಕು. ಅಷ್ಟರಲ್ಲಿ ಅವರ ಮಾತು ಬೇರೆ ಕಡೆ ಹೋಗಿರುತ್ತಿತ್ತು.

ನಿಧಾನವಾಗಿ ಒಂದು ವಿಷಯ ಅರ್ಥವಾಯಿತು. ನಕ್ಕವರಲ್ಲಿ ಹೆಚ್ಚಿನವರು ಒಮ್ಮೆಯೂ ತುಂಗಭದ್ರೆ ದಾಟಿದವರಲ್ಲ. ನಮ್ಮ ಮಾತು ಅವರ ಕಿವಿಗೆ ಬಿದ್ದದ್ದು ಟಿವಿಯ ಕಾಮಿಡಿ ಶೋನಲ್ಲಿ, ಸಿನಿಮಾದಲ್ಲಿ ನಗಿಸುವುದಕ್ಕೇ ಬರುವ ಪಾತ್ರದ ಬಾಯಲ್ಲಿ. ಡಾಕ್ಟರೋ ಲಾಯರೋ ಈ ಕನ್ನಡ ಆಡಿದ್ದನ್ನು ಅವರು ಕೇಳಿಯೇ ಇರಲಿಲ್ಲ. ನಾನು ಬಾಯಿ ತೆರೆದರೆ ನಗುವ ಹೊತ್ತು ಬಂತು ಅಂತ ಕಿವಿಗೆ ರೂಢಿಯಾಗಿಬಿಟ್ಟಿತ್ತು. ಇದು ಗೊತ್ತಾದ ಮೇಲೂ ನೋವಾಗುತ್ತಿತ್ತು. ಆದರೆ ತಪ್ಪು ನನ್ನದು ಅನ್ನಿಸಲಿಲ್ಲ.

ನನಗೆ ದಾರಿ ತೆಗೆದದ್ದು ಒಂದು ಕೆಟ್ಟುಹೋದ ಫೈಲು. ಸೆಮಿನಾರಿನ ಹಿಂದಿನ ದಿನ ಒಬ್ಬ ಹುಡುಗಿ ಗ್ರೂಪಿಗೆ ನೋಟ್ಸ್ ಹಾಕಿದಳು. ಫೋನಿನಲ್ಲಿ ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಚುಕ್ಕಿ, ಗೀಟು, ಏನೇನೋ ಚಿಹ್ನೆ. ಎಲ್ಲರೂ ವೈರಸ್ ಅಂದರು. ನಾನು ರಜೆಯಲ್ಲಿ ಊರಿನ ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡಿದ್ದೆ, ನೋಡಿದ ಕೂಡಲೇ ಗೊತ್ತಾಯಿತು. ಅದು ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು. ಆ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತದೆ. ಫಾಂಟು ಇಲ್ಲದ ಫೋನಿನಲ್ಲಿ ಒಳಗಿನ ಇಂಗ್ಲಿಷೇ ಹೊರಗೆ ಕಾಣುತ್ತದೆ. ಎಲ್ಲ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡಿಗೆ ಬದಲಿಸಿದರೆ ಮುಗಿಯಿತು.

ಗ್ರೂಪಿನಲ್ಲಿ ಬರೆಯಲು ಧೈರ್ಯ ಬರಲಿಲ್ಲ. ಅವಳೊಬ್ಬಳಿಗೇ ಬರೆದೆ: "ಅದು ನುಡಿ ಫೈಲ್ ಐತಿ. ನಾ ಮಾಡಿ ಕೊಡ್ತೀನಿ." ಹತ್ತು ನಿಮಿಷಕ್ಕೆ ಲ್ಯಾಪ್‌ಟಾಪ್ ಹಿಡಿದು ರೂಮಿಗೆ ಬಂದಳು. ಬದಲಿಸಿದ ಮೇಲೂ ಅಲ್ಲಲ್ಲಿ ಒತ್ತಕ್ಷರ ಒಡೆದಿದ್ದವು. ಇಬ್ಬರೂ ಕೂತು ರಾತ್ರಿ ಹನ್ನೊಂದರವರೆಗೆ ತಿದ್ದಿದೆವು. ಅವತ್ತು ಅವಳು ನನ್ನ ಮಾತಿಗೆ ನಗಲಿಲ್ಲ. ಕೈಯಲ್ಲಿ ಕೆಲಸ ಇತ್ತಲ್ಲ. ಈಗಲೂ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. 38 ಜನರ ಮುಂದೆ ಮಾತಾಡಲೇಬೇಕು ಅಂತ ಹಟ ಹಿಡಿಯಬೇಡ ತಂಗಿ. ಒಬ್ಬರಿಗೆ ಬರಿ.

ಕೊಳ್ಳೇಗಾಲದವನು, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕೊನೆ ವರ್ಷ

ಅಕ್ಕ ಹೇಳಿದ್ದು ಸರಿ. ಆದರೆ ಬೇಜಾರಾಯಿತು ಅಂತ ಗ್ರೂಪಿನಿಂದ ಮಾತ್ರ ಹೊರಗೆ ಬರಬೇಡಿ. ನಾನು ಮೊದಲ ವರ್ಷ ಹಾಗೆ ಮಾಡಿದೆ. ಪರೀಕ್ಷೆ ಫೀಸಿನ ಕೊನೆ ದಿನ ಗೊತ್ತಾಗಲಿಲ್ಲ, ದಂಡ ಸೇರಿಸಿ ಕಟ್ಟಿದೆ. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕುವ ಸುದ್ದಿಯೂ ಈಗ ಗ್ರೂಪಿನಲ್ಲೇ ಬರುತ್ತದೆ. ಮ್ಯೂಟ್ ಮಾಡಿ, ಅದು ಬೇರೆಯವರಿಗೆ ಗೊತ್ತಾಗುವುದಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ.

ರೀಲ್ಸ್ ವಿಷಯ. ನೀವು ಯಾವ ವಿಡಿಯೊ ಮೇಲೆ ಜಾಸ್ತಿ ಹೊತ್ತು ನಿಲ್ಲುತ್ತೀರೋ ಅಂಥದನ್ನೇ ಅದು ಮತ್ತೆ ಮತ್ತೆ ತಂದು ಇಡುತ್ತದೆ. ಗೆಳೆಯರ ಗುಂಪು, ಕಾಲೇಜ್ ಫೆಸ್ಟು, ಟ್ರಿಪ್ಪು ಅಂತ ಬೇಜಾರಿನಲ್ಲಿ ನೋಡುತ್ತಾ ಹೋದರೆ ನಾಳೆ ಅದೇ ಇನ್ನೂ ಜಾಸ್ತಿ. ಬೇಜಾರಾಗಿ ನೋಡಿದಿರೋ ಖುಷಿಯಿಂದ ನೋಡಿದಿರೋ ಅಂತ ಅದು ಕೇಳುವುದಿಲ್ಲ. ನಾನು ಚಾರ್ಜರನ್ನು ಹಾಸಿಗೆ ಪಕ್ಕದಿಂದ ತೆಗೆದು ಬಾಗಿಲ ಹತ್ತಿರದ ಪ್ಲಗ್ಗಿಗೆ ಹಾಕಿದೆ. ಅಲಾರಂಗೆ ಒಂದು ಸಣ್ಣ ಗಡಿಯಾರ ಕೊಂಡೆ. ಮೊದಲ ಮೂರು ರಾತ್ರಿ ನಿದ್ದೆ ಬರಲಿಲ್ಲ. ನಾಲ್ಕನೇ ದಿನ ಹತ್ತೂವರೆಗೇ ಮಲಗಿದೆ.

ಇನ್ನೊಂದು ಮಾತು. ಬೇಜಾರು ಜಾಸ್ತಿಯಾಗಿ ಊಟ, ನಿದ್ದೆ ಕೆಟ್ಟರೆ 14416ಕ್ಕೆ ಫೋನ್ ಮಾಡಿ. ಅದು ಮಾನಸಿಕ ಆರೋಗ್ಯಕ್ಕೆ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, 2022ರಲ್ಲಿ ಶುರುವಾದದ್ದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಾನು ಮಾಡಿದ್ದೇನೆ. ಆ ಕಡೆಯವರು ಆತುರ ಮಾಡದೆ ಕೇಳಿಸಿಕೊಂಡರು. ನಗು ದಾಟಿ ಯಾರಾದರೂ ಹಿಂಸೆ ಕೊಟ್ಟರೆ ರ‍್ಯಾಗಿಂಗ್ ತಡೆಯ ಸಹಾಯವಾಣಿ 1800-180-5522 ಇದೆ.

ಮೈಸೂರಿನವಳು, ಬಿ.ಎ. ಮುಗಿಸಿದ್ದೇನೆ

ನಾನು ನಕ್ಕವರಲ್ಲಿ ಒಬ್ಬಳು. ನಮ್ಮ ಕ್ಲಾಸಿನಲ್ಲಿ ಬೀದರ್ ಕಡೆಯ ಹುಡುಗಿ ಇದ್ದಳು. "ಇನ್ನೊಂದ್ಸಲ ಹೇಳು" ಅಂತ ನಾನೂ ಕೇಳುತ್ತಿದ್ದೆ. ಪ್ರೀತಿಯಿಂದಲೇ ಕೇಳುತ್ತಿದ್ದೇನೆ ಅಂದುಕೊಂಡಿದ್ದೆ. ಅವಳು ಮಾತು ಕಡಿಮೆ ಮಾಡುತ್ತಾ ಬಂದಳು. ಒಂದು ದಿನ ಮೆಟ್ಟಿಲ ಮೇಲೆ ಕೂತು ಅಪ್ಪನ ಜೊತೆ ಫೋನಿನಲ್ಲಿದ್ದಳು. ಎಷ್ಟು ಜೋರಾಗಿ ನಗುತ್ತಿದ್ದಳು, ಎಷ್ಟು ಬೇಗ ಬೇಗ ಮಾತಾಡುತ್ತಿದ್ದಳು! ಒಂದು ವರ್ಷ ಪಕ್ಕದಲ್ಲೇ ಕೂತರೂ ಆ ದನಿ ನಾನು ಕೇಳಿರಲಿಲ್ಲ. ಅವತ್ತು ಸಂಜೆಯೇ ಕ್ಷಮೆ ಕೇಳಿದೆ.

ನಕ್ಕವರಲ್ಲಿ ನಿನಗೆ ಸ್ವಲ್ಪ ಒಳ್ಳೆಯವಳು ಅನ್ನಿಸಿದವಳನ್ನು ಒಬ್ಬಳನ್ನೇ ಕರೆದು, ನಗಬೇಡ, ಬೇಜಾರಾಗುತ್ತದೆ ಅಂತ ಹೇಳು. ನನಗೆ ಯಾರಾದರೂ ಹೇಳಿದ್ದರೆ ಅವತ್ತೇ ನಿಲ್ಲಿಸುತ್ತಿದ್ದೆ. ಬೆಟ್ಟದ ಫೋಟೊ ನೋಡಿ ಕೊರಗಬೇಡ. ನಾವು ಹೋದಾಗ ಇಬ್ಬರು ಜಗಳ ಆಡಿಕೊಂಡು ಬೇರೆ ಬಸ್ಸಿನಲ್ಲಿ ವಾಪಸ್ ಬಂದರು. ಫೋಟೊದಲ್ಲಿ ಐದೂ ಜನ ನಗುತ್ತಿದ್ದೇವೆ.

ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕ

ಮಗಳೇ, ನೀನು ಓದಲು ಬಂದಿರುವ ಊರಿನಲ್ಲೇ 1935ರಲ್ಲಿ ಒಬ್ಬ ಮೇಷ್ಟ್ರು ರೇಡಿಯೋ ಕೇಂದ್ರ ಶುರು ಮಾಡಿದರು. ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ. ತಮ್ಮ ಮನೆಯಲ್ಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡಿದ್ದರು. ಅದರ ಹೆಸರು ಆಕಾಶವಾಣಿ. ಮುಂದೆ ದೇಶದ ರೇಡಿಯೋಗೇ ಆ ಹೆಸರು ಬಂತು. ರೇಡಿಯೋ ಕೇಳಿ ಸುಮ್ಮನಾಗಲಿಲ್ಲ ಅವರು, ತಾವೂ ಏನಾದರೂ ಕೇಳಿಸಬೇಕು ಅಂತ ಹೊರಟರು. ನೀನು ಐದು ವಾರದಿಂದ ಬೇರೆಯವರು ಹಾಕಿದ್ದನ್ನೇ ನೋಡುತ್ತಿದ್ದೀಯ. ನೀನೂ ಒಂದು ಹಾಕು.

ಏನು ಹಾಕಲಿ ಅಂತೀಯಾ? ನಿನ್ನ ವಿಷಯವೇ ಸಸ್ಯಶಾಸ್ತ್ರ. ಗಿಡವನ್ನು ಒತ್ತಿ ಒಣಗಿಸಿ ಅಂಟಿಸಿಡುವ ಹರ್ಬೇರಿಯಂ ಹಾಳೆಯ ಚೀಟಿಯಲ್ಲಿ ಊರಿನ ಜನ ಕರೆಯುವ ಹೆಸರನ್ನೂ ಬರೆಯುತ್ತೇವೆ. ನಾನು ಮೊದಲ ವಾರದ ಕ್ಲಾಸಿಗೆ ಒಂದು ಹಿಡಿ ಶೇಂಗಾ ಒಯ್ಯುತ್ತಿದ್ದೆ. ಒಬ್ಬರಿಗೆ ಅದು ಶೇಂಗಾ, ಇನ್ನೊಬ್ಬರಿಗೆ ಕಡಲೆಕಾಯಿ, ಮಂಗಳೂರಿನ ಕಡೆಯವರಿಗೆ ನೆಲಗಡಲೆ. ಪುಸ್ತಕದಲ್ಲಿ ಅರಾಕಿಸ್ ಹೈಪೊಜಿಯಾ. ಲ್ಯಾಟಿನ್ ಹೆಸರು ಕಲಿಯುವ ಮೊದಲು ಮಕ್ಕಳು ಒಬ್ಬರ ಊರು ಒಬ್ಬರು ಕೇಳುತ್ತಿದ್ದರು. ನಿನ್ನ ಕಡೆಯ ಹೆಸರು ನಿನ್ನ ಕ್ಲಾಸಿಗೆ ಬೇಕು.

ಕೇಳಿದವಳು, ಒಂಬತ್ತು ದಿನ ಆದಮೇಲೆ

ಎಲ್ಲರಿಗೂ ಶರಣು. ಹಾಸ್ಟೆಲಿನ ಹಿಂದೆ ಒಂದು ಪ್ಯಾರಲ ಗಿಡ ಇದೆ. ಭಾನುವಾರ ಬೆಳಿಗ್ಗೆ ಕಾಯಿಯ ಫೋಟೊ ತೆಗೆದು ಗ್ರೂಪಿಗೆ ಹಾಕಿದೆ, ಕನ್ನಡದಲ್ಲೇ ಬರೆದೆ: "ನಮ್ಮ ಕಡೆ ಇದಕ್ಕ ಪ್ಯಾರಲ ಅಂತಾರ. ನಿಮ್ಮ ಕಡೆ ಏನಂತೀರಿ?" ಇಪ್ಪತ್ತು ನಿಮಿಷ ಯಾರೂ ಏನೂ ಅನ್ನಲಿಲ್ಲ. ಅಳಿಸಿಬಿಡೋಣ ಅಂತ ಬೆರಳು ಇಟ್ಟಿದ್ದೆ. ಅಷ್ಟರಲ್ಲಿ ಮಂಡ್ಯದ ಹುಡುಗ ಸೀಬೆ ಅಂದ. ಪುತ್ತೂರಿನವಳು ಪೇರಳೆ ಅಂದಳು. ಬಳ್ಳಾರಿಯವನು ಜಾಮಕಾಯಿ. ಇನ್ನೊಬ್ಬಳು ಚೇಪೆ. ಅಲ್ಲಿಯವರೆಗೆ ಇಂಗ್ಲಿಷಿನಲ್ಲೇ ಬರೆಯುತ್ತಿದ್ದ ಇಬ್ಬರು ಕನ್ನಡದಲ್ಲಿ ಬರೆದರು. ಸೀಬೆ ಸರಿಯೋ ಚೇಪೆ ಸರಿಯೋ ಅಂತ ಮಧ್ಯಾಹ್ನದವರೆಗೂ ನಡೆಯಿತು.

ಚೇಪೆ ಅಂದವಳು ಹಿಂದಿನ ಬೆಂಚಿನವಳೇ. ಸೋಮವಾರ ಬಂದು ಗಿಡ ಎಲ್ಲಿದೆ ತೋರಿಸು ಅಂದಳು. ನಗಬೇಡ ಅಂತ ಅವಳಿಗೆ ಇನ್ನೂ ಹೇಳಿಲ್ಲ, ಹೇಳುತ್ತೇನೆ. ಶುಕ್ರವಾರ ಹರ್ಬೇರಿಯಂಗೆ ಗಿಡ ಒತ್ತಿಡಲು ನಾವು ಮೂವರು ಸೇರುತ್ತಿದ್ದೇವೆ. ಹಳೇ ಪೇಪರ್ ಬೇಕಿತ್ತು, ಮೆಸ್ಸಿನಲ್ಲಿ ಕೇಳಿ ಒಂದು ಕಟ್ಟು ತಂದು ಮಂಚದ ಕೆಳಗೆ ಇಟ್ಟಿದ್ದೇನೆ.