ಲ್ಯಾಟೆಕ್ಸ್ ಶೀಟ್ ತಂದು ಮನೆಯಲ್ಲೇ ಹಾಸಿಗೆ: ಯಾವ ಪದರ, ಎಷ್ಟು ದಪ್ಪ?

ಮಡಿಕೇರಿಯಿಂದ ಪ್ರಶ್ನೆ: ಮಂಚ 72×60 ಇಂಚು. ಮಲಗುವವರು ಇಬ್ಬರು. ಒಬ್ಬರು 85 ಕೆಜಿ, ಅಂಗಾತ ಮಲಗುತ್ತಾರೆ. ಇನ್ನೊಬ್ಬರು 52 ಕೆಜಿ, ಯಾವಾಗಲೂ ಮಗ್ಗುಲಾಗಿ. ಹತ್ತಿ ಹಾಸಿಗೆ ಮಳೆಗಾಲದಲ್ಲಿ ಗಂಟುಗಂಟಾಗಿ ಒದ್ದೆ ಹಿಡಿಯುತ್ತದೆ. ಲ್ಯಾಟೆಕ್ಸ್ ಶೀಟ್ (ರಬ್ಬರ್ ಹಾಲಿನ ಫೋಮ್ ಹಾಳೆ) ತಂದು ಒಂದರ ಮೇಲೊಂದು ಜೋಡಿಸುವ ಯೋಚನೆ. ಯಾವ ಡೆನ್ಸಿಟಿ ತರಬೇಕು? ಅಂಟು ಹಾಕಬೇಕೆ? ಸುಳ್ಯದ ಕಡೆ ರಬ್ಬರ್ ಹಾಲು ಸಿಗುತ್ತದಲ್ಲ, ಅದರಿಂದಲೇ ಮಾಡಿಕೊಳ್ಳಲು ಬರುತ್ತದೆಯೆ?

ವಿರಾಜಪೇಟೆಯಿಂದ: ಇಬ್ಬರ ತೂಕದಲ್ಲಿ ಇಷ್ಟು ಅಂತರ ಇರುವಾಗ ಒಂದೇ ಶೀಟ್ ಇಬ್ಬರಿಗೂ ಒಗ್ಗುವುದಿಲ್ಲ. ತಳಕ್ಕೆ 2 ಇಂಚಿನ 90 ಡೆನ್ಸಿಟಿ ಶೀಟ್ ಇಡಿಯಾಗಿ 72×60 ಇರಲಿ. ಅದರ ಮೇಲಿನ ಎರಡು ಪದರಗಳನ್ನು 2 ಇಂಚು ದಪ್ಪದ, 72×30ರ ತುಂಡುಗಳಾಗಿ ತನ್ನಿ. ಭಾರದವರ ಕಡೆ ನಡುವೆ 85, ಮೇಲೆ 75. ಹಗುರದವರ ಕಡೆ ನಡುವೆ 75, ಮೇಲೆ 65. ಮಗ್ಗುಲಾಗಿ ಮಲಗುವವರಿಗೆ ಭುಜ, ಸೊಂಟ ಒಳಗಿಳಿಯಲು ಜಾಗ ಬೇಕು, ಅದಕ್ಕೇ ಮೇಲೆ ಮೆತ್ತನೆಯದು. ಅಂಗಾತ ಮಲಗುವ ಭಾರದವರಿಗೆ ಅದೇ 65 ಕೊಟ್ಟರೆ ಸೊಂಟ ತೊಟ್ಟಿಲಂತೆ ಇಳಿದು ಬೆಳಿಗ್ಗೆ ಬೆನ್ನು ಹಿಡಿಯುತ್ತದೆ.

ಡೆನ್ಸಿಟಿ ಅಂದರೆ ಒಂದು ಘನ ಮೀಟರಿಗೆ ಎಷ್ಟು ಕೆಜಿ ಎಂಬ ಲೆಕ್ಕ. ಹಾಗಾಗಿ ಅಂಗಡಿಯಲ್ಲೇ ತಕ್ಕಡಿಗೆ ಹಾಕಿಸಿ. ಉದ್ದ, ಅಗಲ, ದಪ್ಪ ಇಂಚಿನಲ್ಲಿ ಗುಣಿಸಿ 61,024ರಿಂದ ಭಾಗಿಸಿ, ಬಂದದ್ದನ್ನು ಡೆನ್ಸಿಟಿಯಿಂದ ಗುಣಿಸಿ. 72×60×2ರ 90 ಡೆನ್ಸಿಟಿ ಶೀಟ್ 12.7 ಕೆಜಿ ತೂಗಬೇಕು. 72×30×2ರದ್ದು 85 ಆದರೆ 6 ಕೆಜಿ, 75 ಆದರೆ 5.3, 65 ಆದರೆ 4.6. ಅರ್ಧ ಕೆಜಿ ಆಚೀಚೆ ಆದರೆ ಬಿಡಿ, 2 ಕೆಜಿ ಕಡಿಮೆ ಬಂದರೆ ಅದು ಹೇಳಿದ ಮಾಲಲ್ಲ.

ಗೋಣಿಕೊಪ್ಪಲಿನಿಂದ: ತೂಕ ಸರಿ ಬಂತು ಎಂದು ಕಣ್ಣುಮುಚ್ಚಿ ದುಡ್ಡು ಕೊಡಬೇಡಿ ಅಣ್ಣ. ಸೀಮೆಸುಣ್ಣದಂಥ ಪುಡಿ ಬೆರೆಸಿಯೂ ತೂಕ ಏರಿಸುತ್ತಾರೆ. ಮೂಲೆಯನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದು ಬಿಡಿ. ಒಳ್ಳೆಯದು ಆ ಕ್ಷಣವೇ ಪುಟಿದೇಳುತ್ತದೆ. ಬೆರೆಕೆಯದು ನಿಧಾನ ಏಳುತ್ತದೆ, ಉಜ್ಜಿದರೆ ಬೆರಳಿಗೆ ಪುಡಿ ಹತ್ತುತ್ತದೆ.

ಇನ್ನೊಂದು ಮಾತು. ಡನ್‌ಲಪ್ ವಿಧಾನದ (ನೊರೆಯನ್ನು ಅಚ್ಚಿಗೆ ಎರೆದು ಹಾಗೇ ಬೇಯಿಸಿದ) ಶೀಟಿನಲ್ಲಿ ಒಂದು ಮುಖ ತುಸು ಗಟ್ಟಿ ಇರುವುದುಂಟು, ಎರಕದಲ್ಲಿ ತಳಕ್ಕೆ ಹೆಚ್ಚು ಇಳಿದಿರುತ್ತದೆ. ಕೈಯಿಂದ ಎರಡೂ ಕಡೆ ಒತ್ತಿ ನೋಡಿ, ಗಟ್ಟಿ ಮುಖ ಕೆಳಗೆ ಬರಲಿ. ಟಲಾಲೇ ವಿಧಾನದ್ದು (ಅಚ್ಚಿನ ಗಾಳಿ ಎಳೆದು, ಶೈತ್ಯದಲ್ಲಿ ಗಟ್ಟಿ ಮಾಡಿ ಬೇಯಿಸಿದ್ದು) ಎಲ್ಲ ಕಡೆ ಸಮ, ಹಗುರ, ಬೆಲೆ ಮಾತ್ರ ಜಾಸ್ತಿ. ತಳಕ್ಕೆ ಅದನ್ನು ಹಾಕುವುದು ದುಡ್ಡು ದಂಡ.

ಸೋಮವಾರಪೇಟೆಯಿಂದ: ಅಂಟು ಬೇಡವೇ ಬೇಡ. ರಬ್ಬರಿನ ಮೇಲೆ ರಬ್ಬರ್ ಕೂತರೆ ತಾನಾಗಿ ಹಿಡಿದುಕೊಳ್ಳುತ್ತದೆ. ಅಂಟಿಸಿದರೆ ಆಮೇಲೆ ಪದರ ಅದಲುಬದಲು ಮಾಡಲಾಗುವುದಿಲ್ಲ, ಮನೆಯಲ್ಲಿ ಜೋಡಿಸುವುದರ ಲಾಭವೇ ಅದು. ಮೂರು ವಾರ ಮಲಗಿ ನೋಡಿ. ಭುಜ ಜೋಮು ಹಿಡಿದರೆ ಮೆತ್ತನೆಯದು ಮೇಲೆ ಬರಬೇಕು, ಸೊಂಟ ನೋವಾದರೆ ಗಟ್ಟಿಯದು. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಗುಣ ಆಯಿತೆಂದು ತಿಳಿಯುವುದಿಲ್ಲ.

ಪದರ ಜಾರುತ್ತದೆ ಎನ್ನುವವರ ಕವರ್ ನೋಡಿ, ದೊಗಲೆ ಇರುತ್ತದೆ. ಒಳಅಳತೆ ಸರಿಯಾಗಿ 72×60×6 ಇರಬೇಕು, ಜಿಪ್ ಮೂರು ಬದಿಗೆ. ಬಟ್ಟೆ ಹಿಗ್ಗುವ ಹೆಣಿಗೆಯ ಹತ್ತಿಯದಾಗಲಿ. ಹಿಗ್ಗದ ದಪ್ಪ ಬಟ್ಟೆ ಬಿಗಿದು ಹೊಲಿಸಿದರೆ ಚೆಂಡೆಯ ಚರ್ಮ ಎಳೆದಂತೆ, ಕೆಳಗೆ 65 ಇದ್ದರೂ ಗಟ್ಟಿ ಅನ್ನಿಸುತ್ತದೆ.

ಕತ್ತರಿಸುವಾಗ ಕತ್ತರಿ ಮುಟ್ಟಬೇಡಿ, ಅಂಚು ಮೆಟ್ಟಿಲಾಗುತ್ತದೆ. ಉದ್ದನೆಯ ತೆಳು ಚಾಕುವಿಗೆ ಸೋಪಿನ ನೀರು ಸವರಿ, ಹಲಗೆ ಒತ್ತಾಸೆ ಇಟ್ಟು, ಶೀಟ್ ಎಳೆಯದೆ ಕೊಯ್ಯಿರಿ. ಎತ್ತುವಾಗ ಅಂಚು ಹಿಡಿದರೆ ಹರಿಯುತ್ತದೆ. ಬೆಡ್‌ಶೀಟ್ ಮೇಲಿಟ್ಟು ನಾಲ್ಕು ಮೂಲೆ ಹಿಡಿದು ಒಯ್ಯಿರಿ.

ಸಂಪಾಜೆಯಿಂದ: ರಬ್ಬರ್ ಹಾಲಿನ ಆಸೆ ಬಿಡಿ. ಮರದಿಂದ ಇಳಿಯುವ ಹಾಲಿನಲ್ಲಿ ರಬ್ಬರ್ ಮೂರನೇ ಒಂದು ಪಾಲು ಅಷ್ಟೆ. ಫೋಮಿಗೆ ಅದನ್ನು ಯಂತ್ರದಲ್ಲಿ ತಿರುಗಿಸಿ 60%ಗೆ ಗಟ್ಟಿ ಮಾಡಿ, ಅಮೋನಿಯ ಹಾಕಿ ಇಟ್ಟದ್ದು ಬೇಕು. ಅದಕ್ಕೆ ಗಂಧಕ, ಸತುವಿನ ಆಕ್ಸೈಡ್ ಸೇರಿಸಿ, ನೊರೆ ಬರಿಸಿ, ಹೆಪ್ಪುಗಟ್ಟಿಸುವ ರಾಸಾಯನಿಕ ಹಾಕಿ, ಅಚ್ಚಿನಲ್ಲಿ ಹಬೆಗೆ ಬೇಯಿಸಿ, ಹಲವು ಸಲ ತೊಳೆಯಬೇಕು. ಶೀಟಿನಲ್ಲಿ ಕಾಣುವ ತೂತುಗಳು ಅಚ್ಚಿನ ಕಡ್ಡಿಗಳದ್ದು, ಬಿಸಿ ಒಳಗಿನವರೆಗೆ ತಲುಪಲೆಂದು. ಮನೆಯಲ್ಲಿ ಆಸಿಡ್ ಹಾಕಿದರೆ ಒಣಹಾಕುವ ರಬ್ಬರ್ ಶೀಟ್ ಆದೀತು, ಹಾಸಿಗೆ ಆಗದು.

ಭಾಗಮಂಡಲದಿಂದ: ಎಲ್ಲರೂ ಮೇಲಿನ ಪದರದ ಮಾತಾಡಿದರು. ನಮ್ಮ ಊರುಗಳಲ್ಲಿ ಹಾಸಿಗೆ ಕೆಡುವುದು ಅಡಿಯಿಂದ. ಮೈಯ ಬೆವರಿನ ಹಬೆ ಕೆಳಗಿಳಿದು ತಣ್ಣನೆಯ ಪ್ಲೈವುಡ್ಡಿಗೆ ತಾಗಿ ನೀರಾಗುತ್ತದೆ. ಲ್ಯಾಟೆಕ್ಸಿಗೆ ಬೂಷ್ಟು ಸುಲಭಕ್ಕೆ ಹಿಡಿಯದು, ಕವರಿನ ತಳಕ್ಕೆ ಹಿಡಿಯುತ್ತದೆ. ಮಂಚಕ್ಕೆ ಪಟ್ಟಿಗಳು ಬೇಕು, ಅಂತರ 2 ಇಂಚು. ಹೆಚ್ಚಾದರೆ ಲ್ಯಾಟೆಕ್ಸ್ ಸಂದಿಗೆ ಇಳಿಯುತ್ತದೆ. ಗೋಡೆಯಿಂದ ಒಂದು ಗೇಣು ದೂರ ಇರಲಿ. ಅಡಿಗೆ ಪ್ಲಾಸ್ಟಿಕ್, ರೆಕ್ಸಿನ್ ಹಾಸಲೇಬೇಡಿ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ವಾರಕ್ಕೊಮ್ಮೆ ಇಬ್ಬರು ಸೇರಿ ಒಂದು ಬದಿ ಎತ್ತಿ, ಅಡಿಗೆ ಫ್ಯಾನ್ ಗಾಳಿ ಬಿಡಿ.

ಮಳೆ ನಿಂತ ಕೂಡಲೇ ಹಾಸಿಗೆಯನ್ನು ಕಾಫಿ ಕಣಕ್ಕೆ ಎಳೆದು ಹಾಕುವ ಅಭ್ಯಾಸ ಹತ್ತಿಗೆ ಸರಿ, ಇದಕ್ಕೆ ವಿಷ. ಬಿಸಿಲಿಗೆ ಲ್ಯಾಟೆಕ್ಸ್ ಹಳದಿಯಾಗಿ, ಮೇಲ್ಮೈ ಗಟ್ಟಿಕಟ್ಟಿ, ಹಪ್ಪಳದಂತೆ ಪುಡಿಯಾಗುತ್ತದೆ. ನೆರಳಲ್ಲೇ ಆರಬೇಕು. ಒಲೆ, ಹೀಟರ್ ಹತ್ತಿರವೂ ಬೇಡ.

ಕುಶಾಲನಗರದಿಂದ: ದುಡ್ಡು ಸಾಲದಿದ್ದರೆ ಕೆಳಗೆ 4 ಇಂಚು ರಬ್ಬರೈಸ್ಡ್ ಕಾಯರ್ (ರಬ್ಬರ್ ಹಾಲು ಹಾಯಿಸಿದ ತೆಂಗಿನ ನಾರಿನ ಹಾಸು), ಮೇಲೆ 2 ಇಂಚು ಲ್ಯಾಟೆಕ್ಸ್ ಸಾಕು. ಗಾಳಿಯೂ ಆಡುತ್ತದೆ. ಮೆಮೊರಿ ಫೋಮ್ (ಮೈಬಿಸಿಗೆ ಮೆತ್ತಗಾಗುವ ಫೋಮ್) ಸೇರಿಸುವವರಿದ್ದಾರೆ, ಅದು ಚಳಿಗೆ ಗಟ್ಟಿಯಾಗುವ ವಸ್ತು, ಮಡಿಕೇರಿಯ ಡಿಸೆಂಬರಿಗೆ ಯಾಕೆ? ಗ್ಲೌಸ್, ಬಲೂನ್ ಮುಟ್ಟಿದರೆ ತುರಿಕೆ ಬರುವವರು ಮನೆಯಲ್ಲಿದ್ದರೆ ಮೊದಲು ಡಾಕ್ಟರನ್ನು ಕೇಳಿ.

ಮಡಿಕೇರಿಯಿಂದ: ನಮ್ಮದು ಅಡಿಯಲ್ಲಿ ಸಾಮಾನಿಡುವ ಪ್ಲೈವುಡ್ ಪೆಟ್ಟಿಗೆ ಮಂಚ. ಅದನ್ನೇ ಬದಲಿಸಬೇಕೆ?

ಭಾಗಮಂಡಲದಿಂದ: ಬೇಡ. ಮೇಲ್ಹಲಗೆಗೆ 6 ಇಂಚಿಗೊಂದರಂತೆ 1 ಇಂಚಿನ ತೂತು ಕೊರೆಸಿ, ಅಂಚು ಮರಳು ಕಾಗದದಲ್ಲಿ ಉಜ್ಜಿ. ಪೆಟ್ಟಿಗೆಯ ಎದುರುಬದುರು ಪಕ್ಕಗಳಿಗೂ ನಾಲ್ಕು ನಾಲ್ಕು ತೂತು ಬೇಕು, ಇಲ್ಲದಿದ್ದರೆ ಹಬೆ ಒಳಗೇ ಉಳಿಯುತ್ತದೆ. ಮೇಲೆ 1 ಇಂಚಿನ ಕಾಯರ್ ಹಾಸಿ, ಆಮೇಲೆ ಲ್ಯಾಟೆಕ್ಸ್. ಪೆಟ್ಟಿಗೆಯೊಳಗೆ ಅರೆ ಒಣಗಿದ ಕಂಬಳಿ ತುರುಕಬೇಡಿ.