ಅಪ್‌ಡೇಟ್: ಅಮ್ಮನ ಜೊತೆ ರೆಡ್ ರಾಕ್ ಕ್ಯಾನ್ಯನ್ ನೋಡಿ ಬಂದೆವು

ಮಂಡಿನೋವಿರುವ ಅಮ್ಮನನ್ನು ಲಾಸ್ ವೇಗಸ್ ಹತ್ತಿರದ ರೆಡ್ ರಾಕ್ ಕ್ಯಾನ್ಯನ್‌ಗೆ ಕರೆದುಕೊಂಡು ಹೋಗಬಹುದಾ ಅಂತ ಹೋದ ತಿಂಗಳು ಕೇಳಿದ್ದೆ. ಹೋಗಿ ಬಂದೆವು. ಧೈರ್ಯ ಹೇಳಿದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಒಳಗೆ 13 ಮೈಲಿಯ ಒನ್‌ವೇ ರಸ್ತೆ. ಅಲ್ಲಲ್ಲಿ ಕಾರು ನಿಲ್ಲಿಸಿ ನೋಡಬಹುದು, ಹಾಗಾಗಿ ಅಮ್ಮನಿಗೆ ಜಾಸ್ತಿ ನಡೆಯುವ ಕಷ್ಟ ಬರಲಿಲ್ಲ. ಕ್ಯಾಲಿಕೋ ಹಿಲ್ಸ್ ಎದುರು ಇಳಿದವರು ಅರ್ಧ ಗಂಟೆ ಅಲ್ಲೇ ಕೂತುಬಿಟ್ಟರು. "ಗುಡ್ಡಕ್ಕೆಲ್ಲ ಕೆಮ್ಮಣ್ಣು ಬಳಿದ ಹಾಗಿದೆ ನೋಡು" ಅಂದರು. ಬಂಡೆ ಸವರಿದರೆ ಬೆರಳಿಗೆ ಸಣ್ಣ ಮರಳು ಅಂಟುತ್ತದೆ. ಒಂದು ಕಾಲದ ಮರಳಿನ ದಿಬ್ಬಗಳೇ ಗಟ್ಟಿಯಾಗಿ ಆದ ಕಲ್ಲು ಅದು. ಕೆಂಪು ಬಂದಿರುವುದು ಕಬ್ಬಿಣದ ಅಂಶದಿಂದ. ಇನ್ನೊಂದು ಕಡೆ ಬೂದು ಬಣ್ಣದ ಹಳೆಯ ಸುಣ್ಣಕಲ್ಲು ಈ ಕೆಂಪು ಕಲ್ಲಿನ ಮೇಲೆ ಕೂತಿದೆ. ಹಳೆಯದು ಕೆಳಗಿರಬೇಕಲ್ವಾ? ಭೂಮಿಯೊಳಗಿನ ಒತ್ತಡ ಅದನ್ನು ಮೇಲೆ ತಳ್ಳಿದೆ. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಅದೇ.

ಹೋಗುವವರು ಗಮನಿಸಿ: ಅಕ್ಟೋಬರ್‌ನಿಂದ ಮೇ ತನಕ ಹಗಲಲ್ಲಿ ಆ ರಸ್ತೆಗೆ ಕಾರು ಬಿಡಬೇಕಾದರೆ ಮೊದಲೇ ಸಮಯ ಬುಕ್ ಮಾಡಿರಬೇಕು. ನೀರು ಜಾಸ್ತಿ ಇಟ್ಟುಕೊಳ್ಳಿ. ಚಳಿಗಾಲದಲ್ಲೂ ಗಂಟಲು ಒಣಗುತ್ತದೆ. ಅಲ್ಲೇ ಇರುವ ಲಾಸ್ಟ್ ಕ್ರೀಕ್ ಅನ್ನುವ ಕಾಲುದಾರಿ ನೋಡದೆ ಉಳಿದುಹೋಯಿತು, ಅಮ್ಮನೇ ಮತ್ತೆ ಹೋಗೋಣ ಅಂತಿದ್ದಾರೆ.